ಅಜ್ಜನ ಜೊತೆಗೇ ಹೋದ ಕಾಗದ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಅನೇಕ ಮನೆಗಳ ಮಕ್ಕಳು ಪುಣೆ, ಬೆಂಗಳೂರಿನಲ್ಲಿ ದುಡಿಯುತ್ತಾರೆ. ಹೊಲದ ಓಡಾಟಕ್ಕೆಂದು ಊರಲ್ಲಿರುವವರ ಹೆಸರಿಗೆ ಮುಖತ್ಯಾರಪತ್ರ ಬರೆದುಕೊಡುತ್ತಾರೆ.

ನಮ್ಮಜ್ಜನೂ ವಯಸ್ಸಾದ ಮೇಲೆ ಅಪ್ಪನಿಗೆ ಬರೆದುಕೊಟ್ಟಿದ್ದ. ತಾನು ದುಡಿದು ಕೊಂಡ ಎರಡೆಕರೆ ಕಬ್ಬಿನ ಆದಾಯ, ಬುದ್ಧಿ ಬೆಳವಣಿಗೆ ಸಾಲದ ನಮ್ಮ ಅತ್ತೆಯ ಜೀವನಕ್ಕೆ ಸಲ್ಲಬೇಕೆಂಬುದು ಅವನಾಸೆ. ‘ಕಾಗದ ಐತಲ್ಲ, ಚಿಂತಿ ಯಾಕ?’ ಅನ್ನುತ್ತಿದ್ದ.

ಅಜ್ಜ ತೀರಿಕೊಂಡ ಮೇಲೆ ಆ ಕಾಗದ ನೋಡಿದ ವಕೀಲರು, ‘ಅವರು ಹೋದ ದಿನವೇ ಇದೂ ರದ್ದಾಯಿತು’ ಎಂದರು. 1872ರ ಕರಾರು ಕಾಯ್ದೆ ಹೇಳುವುದೂ ಅದನ್ನೇ. ಮುಖತ್ಯಾರದಿಂದ ಒಡೆತನ ವರ್ಗವಾಗದೆಂದು 2011ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ.

ಈಗ ಕಾಕಂದಿರು ಪಾಲು ಕೇಳುತ್ತಿದ್ದಾರೆ. ಅತ್ತೆಗೂ ಪಾಲಿದೆ, ನೋಡಿಕೊಳ್ಳುವ ಅಧಿಕಾರ ಮಾತ್ರ ಯಾರಿಗೂ ಇಲ್ಲ. ಅವಳಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುವಂತೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಲು ಬೆಳಗಾವಿಗೆ ಅಲೆಯುತ್ತಿದ್ದೇವೆ.

ಅಜ್ಜ ಬದುಕಿದ್ದಾಗಲೇ ಟ್ರಸ್ಟ್ ಮಾಡಿದ್ದರೆ? 1882ರ ಕಾಯ್ದೆಯಂತೆ ಆಸ್ತಿಯನ್ನು ನಂಬಿಕಸ್ಥರ ವಶಕ್ಕೆ ಕೊಟ್ಟು, ಆದಾಯ ಯಾರಿಗೆಂದು ಪತ್ರದಲ್ಲೇ ಬರೆದು ನೋಂದಾಯಿಸಬಹುದು. ಬರೆದವರು ತೀರಿಕೊಂಡರೂ ಅದು ಉಳಿಯುತ್ತದೆ. ಅಷ್ಟು ಖರ್ಚು ಆಗದವರು ಇಬ್ಬರು ಸಾಕ್ಷಿಗಳ ಸಹಿಯ ಮೃತ್ಯುಪತ್ರವನ್ನಾದರೂ ಮಾಡಬಹುದು. ಮುಖತ್ಯಾರ ಇರುವಾಗಿನ ಓಡಾಟಕ್ಕಷ್ಟೇ.

ಗೆಳೆಯರೇ, ಅರ್ಜಿ ತುಂಬುವುದರಲ್ಲಿ ನಾವು ಜಾಣರು. ಈ ಸಲ ಊರಿಗೆ ಹೋದಾಗ ಟ್ರಂಕಿನಲ್ಲಿರುವ ಕಾಗದವನ್ನೂ ಓದಿ. ಅಜ್ಜ-ಅಜ್ಜಿ ಎದುರಿಗಿರುವಾಗಲೇ ಅವರ ಮನಸ್ಸಿನಲ್ಲೇನಿದೆ ಎಂದು ಕೇಳಿ, ವಕೀಲರಲ್ಲಿ ವಿಚಾರಿಸಿ. ನಾವು ಕೇಳಲಿಲ್ಲ.