ಅವ್ವನೊಡನೆ ಅಂಗ್ಕೋರಿಗೆ

ಪರದೇಶ ಪ್ರವಾಸವೆಂಬುದು ನಮ್ಮ ಮಧ್ಯಮ ವರ್ಗದ ಸಂಸಾರಗಳಿಗೆ ಈಗ ಹಿಂದಿನಷ್ಟು ದುರ್ಲಭವಾದ ಸಂಗತಿಯಲ್ಲ. ಐದು ದಿನಗಳಲ್ಲಿ ಏಳು ಪಟ್ಟಣಗಳನ್ನು ಸುತ್ತಿ ಬಂದವರು ನಮ್ಮ ನೆರೆಹೊರೆಯಲ್ಲಿಯೇ ಇದ್ದಾರೆ. ಏನೇನು ಕಂಡಿರೆಂದು ಕೇಳಿದರೆ ಅವರು ಚಿತ್ರಗಳನ್ನು ತೋರಿಸುತ್ತಾರೆ. ಯಾವ ಚಿತ್ರ ಯಾವ ಊರಿನದೆಂದು ಕೇಳಿದರೆ ಮಾತ್ರ ತುಸು ತಡವರಿಸುತ್ತಾರೆ. ನಾವು ಹತ್ತು ದಿನಗಳಲ್ಲಿ ಒಂದೇ ಊರನ್ನು ನೋಡಿ ಬಂದೆವು. ಇದಕ್ಕೆ ಕಾರಣ ನಮ್ಮ ವಿವೇಕವೆಂದು ಓದುಗರು ಭಾವಿಸಬಾರದು. ಕಾರಣ, ನನ್ನ ತಾಯಿಯ ಮೊಣಕಾಲು ನೋವು!

ನಾನು ಹೊನ್ನಾಳಿಯ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕ. ಹುಟ್ಟೂರು ಚನ್ನಗಿರಿ ತಾಲ್ಲೂಕಿನಲ್ಲಿ, ಸೂಳೆಕೆರೆಯ ನೀರುಣ್ಣುವ ಒಂದು ಹಳ್ಳಿ. ಪತ್ನಿ ನ್ಯಾಮತಿಯವಳು. ಅವ್ವನ ತವರು ಜಗಳೂರು ಸೀಮೆ. ಮೋಡ ನೋಡಿ ಬಾಳುವ ಆ ಸೀಮೆಯಿಂದ ಅವಳನ್ನು ಈ ಕೆರೆಯ ಸೀಮೆಗೆ ಕೊಟ್ಟಾಗ, ‘ನೀರಿರೋ ಊರು ಸೇರಿದಳು’ ಎಂದು ಬಂಧುಗಳೆಲ್ಲ ಸಂತೋಷಪಟ್ಟರಂತೆ.

ಕಾಂಬೋಡಿಯಾ ದೇಶಕ್ಕೇ ಏಕೆ ಹೋದೆವೆಂದು ಕೇಳದವರಿಲ್ಲ. ತರಗತಿಯಲ್ಲಿ ಲಿಪಿಯ ಇತಿಹಾಸವನ್ನು ಹೇಳುವಾಗ, ಆ ದೇಶದ ಖ್ಮೇರ್ ಲಿಪಿಯೂ ದಕ್ಷಿಣ ಭಾರತದ ಪಲ್ಲವರ ಲಿಪಿಯಿಂದಲೇ ಬೆಳೆದುದೆಂಬ ಮಾತನ್ನು ನಾನು ಪ್ರತಿವರ್ಷವೂ ಹೇಳುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ, “ತಾವು ಅದನ್ನು ಕಂಡಿದ್ದೀರಾ ಸಾರ್?” ಎಂದು ಮುಗ್ಧವಾಗಿ ಕೇಳಿದ. ಕಂಡಿರಲಿಲ್ಲ. ಆ ಪ್ರಶ್ನೆ ನಾಲ್ಕು ವರ್ಷ ನನ್ನನ್ನು ಕಾಡಿತು. ಅಷ್ಟು ಕಾಲವೇ ಹಣ ಕೂಡಿಸಲೂ ಬೇಕಾಯಿತು. 2023ರ ಡಿಸೆಂಬರಿನಲ್ಲಿ ಅವ್ವ, ಪತ್ನಿ, ಹನ್ನೊಂದು ವರ್ಷದ ಮಗಳು, ಎಂಟು ವರ್ಷದ ಮಗ ಇವರೊಡನೆ ಬೆಂಗಳೂರಿನಿಂದ ವಿಮಾನವೇರಿ, ಬ್ಯಾಂಕಾಕಿನಲ್ಲಿ ಇಳಿದು ಹತ್ತಿ, ಸಿಯಮ್ ರೀಪ್ ಎಂಬ ಪಟ್ಟಣವನ್ನು ತಲುಪಿದೆವು.

ಆ ವರ್ಷ ನಮ್ಮಲ್ಲಿ ಮಳೆ ಕೈಕೊಟ್ಟಿತ್ತು. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಲಾಗಿತ್ತು. ಅಂಥ ಕಾಲದಲ್ಲಿ ಪ್ರವಾಸವೇ ಎಂದು ಅವ್ವ ಗೊಣಗಿದಳು. ಆದರೂ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ, ಕೊನೆಗೆ ತನ್ನ ಎಲೆಅಡಿಕೆ ಚೀಲ ಇಷ್ಟನ್ನೂ ಕಟ್ಟಿಕೊಂಡೇ ಹೊರಟಳು. ಮೀನಿನ ಸೋಂಕಿಲ್ಲದ ಸಾರು ಅಪರೂಪವಾದ ಆ ನಾಡಿನಲ್ಲಿ ಈ ಗಂಟು ನಮ್ಮನ್ನು ಕಾಪಾಡಿತೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ.

ಮೆಲ್ಲನೆ ನೋಡಿದ ದೇಗುಲ

ಅಂಗ್ಕೋರಿನ ಗುಡಿಗಳನ್ನು ನೋಡಲು ಪ್ರವೇಶಚೀಟಿ ಬೇಕು. ಮೂರು ದಿನದ ಚೀಟಿಗೆ 62 ಡಾಲರು. ಹನ್ನೆರಡು ತುಂಬದ ಮಕ್ಕಳಿಗೆ ಹಣವಿಲ್ಲ. ಆ ಮೂರು ದಿನಗಳನ್ನು ಹತ್ತು ದಿನಗಳೊಳಗೆ ಯಾವಾಗ ಬೇಕಾದರೂ ಬಳಸಬಹುದೆಂಬುದು ನಮಗೆ ವರದಾನವಾಯಿತು. ಒಂದು ದಿನ ನೋಡುವುದು, ಎರಡು ದಿನ ಅವ್ವನ ಕಾಲಿಗೆ ವಿಶ್ರಾಂತಿ. ಮೋಟಾರು ಸೈಕಲ್ಲಿಗೆ ಕಟ್ಟಿದ ತೆರೆದ ಗಾಡಿಯ ಯುವಕನೊಬ್ಬ ಹತ್ತು ದಿನವೂ ನಮ್ಮ ಸಾರಥಿಯಾದ. ಅವನಿಗೆ ನನ್ನಷ್ಟೇ ಇಂಗ್ಲಿಷ್ ಬರುತ್ತಿತ್ತು. ಆದ್ದರಿಂದ ಇಬ್ಬರಿಗೂ ಸಂಕೋಚವಿರಲಿಲ್ಲ.

ಅಂಗ್ಕೋರ್ ವಾಟ್ ದೇಗುಲವನ್ನು ಕಟ್ಟಿಸಿದವನು ಎರಡನೆಯ ಸೂರ್ಯವರ್ಮ. ಅವನು ಪಟ್ಟವೇರಿದ್ದು 1113ರಲ್ಲಿ. ನಮ್ಮ ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಿಸಿದ್ದು 1117ರಲ್ಲಿ. ಒಬ್ಬರನ್ನೊಬ್ಬರು ಕಾಣದ ಇಬ್ಬರು ಅರಸರು ಒಂದೇ ಕಾಲದಲ್ಲಿ ವಿಷ್ಣುವಿಗಾಗಿ ಕಲ್ಲು ಕಡೆಸುತ್ತಿದ್ದರೆಂದು ನೆನೆದರೆ ಸೋಜಿಗವಾಗುತ್ತದೆ. ಗುಡಿಯ ಸುತ್ತ 190 ಮೀಟರ್ ಅಗಲದ ಕಂದಕ. ಅದನ್ನು ದಾಟುವ ಕಲ್ಲುಹಾದಿಯನ್ನು ಮುಗಿಸಲು ಅವ್ವನಿಗೆ ಅರ್ಧ ಗಂಟೆ ಹಿಡಿಯಿತು. ಸೂರ್ಯೋದಯ ನೋಡಲು ಬರುವ ಜನಸಂದಣಿ ಆ ವೇಳೆಗೆ ಕರಗಿ ಹೋಗಿತ್ತು. ಗುಡಿಯ ಮುಖ ಪಶ್ಚಿಮಕ್ಕಿರುವುದರಿಂದ ಇಳಿಹೊತ್ತಿನ ಬೆಳಕೇ ಅದಕ್ಕೆ ಚೆನ್ನ. ನಿಧಾನವಾಗಿ ಬಂದವರಿಗೆ ದೊರೆತ ಮೊದಲ ಲಾಭವಿದು.

ಮೇಲಿನ ಕಡಿದಾದ ಮೆಟ್ಟಿಲುಗಳನ್ನು ಅವ್ವ ಹತ್ತಲಾರಳು, ಮಕ್ಕಳನ್ನು ಹತ್ತಗೊಡುವುದಿಲ್ಲ. ಆದುದರಿಂದ ಕೆಳಗಿನ ಮೊಗಸಾಲೆಗಳಲ್ಲಿಯೇ ಇಡೀ ಮಧ್ಯಾಹ್ನ ಕಳೆದೆವು. ಗೋಡೆಯ ಉದ್ದಕ್ಕೂ ಕಥೆಗಳು. ಬಯಲಾಟ ನೋಡಿ ಬೆಳೆದ ಅವ್ವನಿಗೆ ಯಾವ ಮಾರ್ಗದರ್ಶಿಯ ಹಂಗೂ ಬೇಕಾಗಲಿಲ್ಲ. ಬಾಣಗಳ ಮೇಲೆ ಒರಗಿದವನು ಭೀಷ್ಮ, ಹನುಮಂತನ ಹೆಗಲೇರಿ ನಿಂತವನು ರಾಮ ಎಂದು ಮೊಮ್ಮಕ್ಕಳಿಗೆ ತೋರಿಸುತ್ತ ಹೋದಳು. ಸಮುದ್ರಮಥನದ ಗೋಡೆಯ ಮುಂದೆ ಮಗನು ಎಣಿಸಲು ನಿಂತ: ವಾಸುಕಿಯನ್ನು ಎಳೆಯುವ ದಾನವರು 92, ದೇವತೆಗಳು 88. ದೇವತೆಗಳ ಸಾಲಿನ ತುದಿಯಲ್ಲಿ ಹಾವಿನ ಬಾಲ ಹಿಡಿದು ನಿಂತಿದ್ದ ಒಂದು ದೊಡ್ಡ ವಾನರ! “ಹನುಮಪ್ಪ ಇಲ್ಲಿಗೆ ಯಾವಾಗ ಬಂದ? ನಮ್ಮ ಕಥೇಲಿ ಇಲ್ಲವಲ್ಲಪ್ಪಾ” ಎಂದು ಅವ್ವ ನನ್ನನ್ನು ಕೇಳಿದಳು. ಎಂ.ಎ. ಪದವೀಧರನ ಬಳಿ ಉತ್ತರವಿರಲಿಲ್ಲ. “ಇರಲಿ ಬಿಡು, ಕರೆದಿರ್ತಾರೆ” ಎಂದು ಅವಳೇ ಪರಿಹಾರ ಹೇಳಿಕೊಂಡಳು.

ವಿಶ್ರಾಂತಿಯ ದಿನವೊಂದರಲ್ಲಿ ಮಗಳು ಪೇಟೆಯಲ್ಲಿ ಮಕ್ಕಳ ಅಕ್ಷರಮಾಲೆಯ ಪುಸ್ತಕವನ್ನು ಕೊಂಡಳು. ಸಾರಥಿಯು ಬೆರಳಿಟ್ಟು ಓದತೊಡಗಿದ. ನಮ್ಮ ಗ, ಘ ಅವರ ಬಾಯಲ್ಲಿ ಕೋ, ಖೋ ಆಗುತ್ತವೆ. ಆದರೆ ಕ, ಖ, ಗ, ಘ, ಙ ಎಂಬ ಸಾಲು ಸಾಲೇ! ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಮಗಳು ಅವನಿಗಿಂತ ಮುಂಚೆಯೇ ಚ, ಛ, ಜ, ಝ ಎನ್ನುತ್ತಿದ್ದಳು. ಅಕ್ಷರಗಳ ನೆತ್ತಿಯ ಮೇಲೆ ನಮ್ಮ ತಲೆಕಟ್ಟಿನಂಥದೇ ಒಂದು ಗುರುತು. ಅದನ್ನು ಅವರು ‘ಕೂದಲು’ ಎನ್ನುತ್ತಾರಂತೆ. ಹಿಂದಿನ ಬೆಂಚಿನ ಹುಡುಗನಿಗೆ ಹೇಳಲು ಈಗ ನನ್ನಲ್ಲಿ ಕಂಡ ಮಾತಿತ್ತು.

ನೀರಿಲ್ಲದ ದೋಣಿಕಟ್ಟೆ

ಎರಡನೆಯ ದಿನದ ಚೀಟಿಯಲ್ಲಿ ಪೂರ್ವ ಮೆಬೋನ್ ಎಂಬ ಗುಡಿಗೆ ಹೋದೆವು. 953ರ ಸುಮಾರಿಗೆ ರಾಜೇಂದ್ರವರ್ಮನು ಕಟ್ಟಿಸಿದ ಶಿವಾಲಯವದು. ಜಗಲಿಯ ಮೂಲೆಮೂಲೆಗೂ ಕಲ್ಲಾನೆಗಳು ನಿಂತಿವೆ. ನಾಲ್ಕು ದಿಕ್ಕಿಗೂ ಮೆಟ್ಟಿಲಿನ ಕಟ್ಟೆಗಳು ಚಾಚಿವೆ. “ಇವು ದೋಣಿ ನಿಲ್ಲಿಸುವ ಕಟ್ಟೆಗಳು” ಎಂದ ಸಾರಥಿ. ಅವ್ವ ಸುತ್ತಲೂ ನೋಡಿದಳು. ಎತ್ತ ನೋಡಿದರೂ ಗದ್ದೆ, ತಾಳೆಮರ, ಮೇಯುವ ದನ.

“ನೀರೆಲ್ಲೈತಪ್ಪಾ?” ಎಂದಳು.

ನೀರು ಇತ್ತು. ನಾವು ನಿಂತದ್ದು ಕೆರೆಯ ನಡುವಿನ ದ್ವೀಪದಲ್ಲಿ! ಒಂಬತ್ತನೆಯ ಶತಮಾನದ ಕೊನೆಯಲ್ಲಿ ಯಶೋವರ್ಮನೆಂಬ ಅರಸನು ಏಳೂವರೆ ಕಿಲೋಮೀಟರ್ ಉದ್ದ, ಎರಡು ಕಿಲೋಮೀಟರಿಗೆ ತುಸು ಕಡಮೆ ಅಗಲದ ಕೆರೆಯನ್ನು ಇಲ್ಲಿ ಕಟ್ಟಿಸಿದನು. ಅದರ ನಾಲ್ಕು ಮೂಲೆಗಳಲ್ಲಿ ಸಂಸ್ಕೃತ ಶಾಸನಗಳನ್ನೂ ನಿಲ್ಲಿಸಿದನು. ಅವನು ಇಟ್ಟ ಹೆಸರು ‘ಯಶೋಧರ ತಟಾಕ’. ನಮ್ಮ ಶಾಸನಗಳನ್ನು ಓದಿದ ಯಾವ ಕನ್ನಡಿಗನಿಗೂ ಅರ್ಥ ಹೇಳಬೇಕಾಗಿಲ್ಲದ ಹೆಸರು. ಅವನ ತಂದೆ ಕಟ್ಟಿಸಿದ ಇಂದ್ರತಟಾಕವೂ ಈಗ ಬಯಲೇ ಆಗಿದೆ. ತಟಾಕಗಳು ಹೋಗಿ ಹೆಸರುಗಳು ಮಾತ್ರ ಕಲ್ಲಿನ ಮೇಲೆ ಉಳಿದಿವೆ.

ಇವು ಹೇಗೆ ಬತ್ತಿದವು? ಹೊಳೆಗಳ ಹೂಳು ಒಂದು ಕಾರಣ. ಹದಿನಾಲ್ಕು, ಹದಿನೈದನೆಯ ಶತಮಾನಗಳಲ್ಲಿ ದೀರ್ಘ ಬರಗಾಲಗಳೂ ಅವುಗಳ ನಡುವೆ ಅತಿವೃಷ್ಟಿಯೂ ಬಂದುವೆಂದು ಹಳೆಯ ಮರಗಳ ಬಳೆಗೆರೆಗಳನ್ನು ಎಣಿಸಿದ ವಿಜ್ಞಾನಿಗಳು ಹೇಳುತ್ತಾರೆ. ಬರಕ್ಕೆ ಬತ್ತಿದ ಕಾಲುವೆಗಳು ನೆರೆಗೆ ಕಿತ್ತುಹೋದವು. 1431ರ ಸುಮಾರಿಗೆ ಸಯಾಮಿನ ದಂಡು ಬಂದಾಗ ರಾಜಧಾನಿ ಆಗಲೇ ಸೊರಗಿತ್ತು. ನಾನು ಇದನ್ನೆಲ್ಲ ಅವ್ವನಿಗೆ ವಿವರಿಸಿದೆ. ಅವಳು ಕಲ್ಲಾನೆಯ ನೆರಳಿನಲ್ಲಿ ಕುಳಿತು ಬಹಳ ಹೊತ್ತು ಮಾತಾಡಲಿಲ್ಲ.

ಇಬ್ಬರು ತಾಯಂದಿರು

ಎಲ್ಲ ತಟಾಕಗಳೂ ಬತ್ತಿಲ್ಲ. ಪಟ್ಟಣದ ಪಶ್ಚಿಮಕ್ಕೆ ಹನ್ನೊಂದನೆಯ ಶತಮಾನದ ಇನ್ನೊಂದು ಕೆರೆಯಿದೆ. ಪಶ್ಚಿಮ ಬರಾಯ್ ಎನ್ನುತ್ತಾರೆ. ಉದ್ದ ಸುಮಾರು ಎಂಟು, ಅಗಲ ಎರಡು ಕಿಲೋಮೀಟರ್. ಅದರಲ್ಲಿ ಈಗಲೂ ನೀರಿದೆ. ಭಾನುವಾರ ಊರಿನ ಸಂಸಾರಗಳು ಬುತ್ತಿ ಕಟ್ಟಿಕೊಂಡು ಅದರ ಏರಿಗೆ ಬಂದು, ನೆರಳಿನಲ್ಲಿ ತೂಗುಬಲೆ ಕಟ್ಟಿ ಮಲಗುತ್ತಾರೆ; ಮಕ್ಕಳು ಈಜುತ್ತಾರೆ. ಸಾರಥಿಯು ಒಂದು ಭಾನುವಾರ ನಮ್ಮನ್ನು ಅಲ್ಲಿಗೆ ಕರೆದೊಯ್ದ. ತನ್ನ ತಾಯಿಯನ್ನೂ ಕರೆತಂದಿದ್ದ.

ಏರಿಯನ್ನು ಕಂಡೊಡನೆ ಅವ್ವ, “ಗುಡ್ಡ ಇಲ್ಲದೇ ಕೆರೆ ಕಟ್ಯಾರಲ್ಲಪ್ಪಾ!” ಎಂದು ಬೆರಗಾದಳು. ಅವಳ ಮಾತಿನಲ್ಲಿ ಮರ್ಮವಿದೆ. ನಮ್ಮ ಸೂಳೆಕೆರೆ, ಎಂದರೆ ಶಾಂತಿಸಾಗರ, ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಹರಿದ್ರಾ ಹೊಳೆಯನ್ನು ತಡೆದು ಕಟ್ಟಿದ ಕೆರೆ. ಸಾವಿರ ಅಡಿಗೂ ಮೀರದ ಏರಿ ಸಾವಿರಾರು ಎಕರೆ ನೀರನ್ನು ಹಿಡಿದಿದೆ. ಇಲ್ಲಿಯಾದರೋ ಬಟ್ಟ ಬಯಲು. ನಾಲ್ಕು ಕಡೆಗೂ ಮಣ್ಣು ಪೇರಿಸಿ, ಸುತ್ತಳತೆಯಲ್ಲಿ ಇಪ್ಪತ್ತು ಕಿಲೋಮೀಟರಿನಷ್ಟು ಏರಿ ಹಾಕಿದ್ದಾರೆ. ಎಷ್ಟು ಜನರ ತಲೆಹೊರೆಯೋ!

ಆ ತಾಯಿಯೂ ಎಲೆಅಡಿಕೆ ಹಾಕುವವಳೆಂದು ತಿಳಿಯಲು ಭಾಷೆ ಬೇಕಾಗಲಿಲ್ಲ. ಅವ್ವ ಚೀಲ ಬಿಚ್ಚಿ ಚನ್ನಗಿರಿಯ ಅಡಿಕೆ ಕೊಟ್ಟಳು. ಅವಳು ‘ಸ್ಲಾ’ ಎಂದು ನಕ್ಕಳು. ಅಡಿಕೆಗೆ ಅವರ ಹೆಸರು ಅದು. ಅವರ ಮದುವೆಗೂ ಹಿಂಗಾರ ಬೇಕೇ ಬೇಕಂತೆ. ಅವ್ವನ ಕನ್ನಡವನ್ನು ನಾನು ಇಂಗ್ಲಿಷಿಗೆ, ನನ್ನ ಇಂಗ್ಲಿಷನ್ನು ಮಗನು ಅವನ ತಾಯಿಯ ನುಡಿಗೆ ಹೀಗೆ ಇಬ್ಬರು ದುಭಾಷಿಗಳ ಮೂಲಕ ಮಾತು ಸಾಗಿತು.

“ಇಷ್ಟು ದೊಡ್ಡ ಕೆರೆ ಕೆಳಗೆ ಹುಟ್ಟಿದೋಳು ಪುಣ್ಯವಂತೆ ಅಂತ ಹೇಳಪ್ಪಾ” ಎಂದಳು ಅವ್ವ.

ಆ ತಾಯಿ ನೀರನ್ನೇ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬಳಿಕ ಹೇಳಿದಳು. 1975ರಿಂದ 1979ರ ಮೊದಲವರೆಗೆ ಆ ದೇಶವನ್ನು ಆಳಿದ ಖ್ಮೇರ್ ರೂಜ್ ಎಂಬ ಪಕ್ಷ ಜನರನ್ನೆಲ್ಲ ಪಟ್ಟಣಗಳಿಂದ ಹೊರದೂಡಿ, ಕಾಲುವೆ ತೋಡಲು, ಏರಿ ಹಾಕಲು ಹಚ್ಚಿತು. ಹಸಿವು, ರೋಗ, ಕೊಲೆಗಳಿಗೆ ಹದಿನೈದು ಲಕ್ಷಕ್ಕೂ ಮೀರಿ ಜನ ಬಲಿಯಾದರು. ಆಗ ಅವಳಿಗೆ ಹದಿನಾಲ್ಕು ವರ್ಷ. ಬೆಳಗಿನಿಂದ ಕತ್ತಲವರೆಗೆ ಹೆಗಲ ಮೇಲೆ ಮಣ್ಣು ಹೊತ್ತಳು. ತಂದೆಯೂ ಇಬ್ಬರು ಅಣ್ಣಂದಿರೂ ಮರಳಿ ಬರಲಿಲ್ಲ.

ನಾನು ಅನುವಾದಿಸಿ ಮುಗಿಸುವ ಮುಂಚೆಯೇ ಅವ್ವ ಅವಳ ಕೈ ಹಿಡಿದಿದ್ದಳು. ಅನಂತರ ತನ್ನ ತಲೆಯ ಮೇಲೆ ಪುಟ್ಟಿ ಹೊತ್ತಂತೆ ಕೈಯೆತ್ತಿ ತೋರಿಸಿ, “ನಾನೂ ಹೊತ್ತೀನವ್ವಾ” ಎಂದಳು. 1972ರ ಬರದಲ್ಲಿ, ಜಗಳೂರು ಸೀಮೆಯಲ್ಲಿ, ಬರ ಪರಿಹಾರದ ಕಾಮಗಾರಿಯಲ್ಲಿ ಹದಿನಾರರ ಹುಡುಗಿಯಾಗಿ ಅವಳು ಕೆರೆಯ ಹೂಳು ಹೊತ್ತ ಸಂಗತಿ ನನಗೆ ಅಂದಿನವರೆಗೆ ತಿಳಿದಿರಲಿಲ್ಲ. ಅವಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

“ನಿಮಗೂ ಬಂದೂಕು ತೋರಿಸುತ್ತಿದ್ದರೇ?” ಎಂದು ಆ ತಾಯಿ ಕೇಳಿದಳು.

“ಇಲ್ಲವ್ವಾ. ಹಸಿವಿತ್ತು, ಬಂದೂಕು ಇರಲಿಲ್ಲ. ಸಂಜೆ ಕೂಲಿ ಕೊಡ್ತಿದ್ರು. ಮನೆಗೆ ಹೋಗ್ತಿದ್ವಿ.”

ಮಕ್ಕಳು ನೀರಿನಲ್ಲಿ ಕೇಕೆ ಹಾಕುತ್ತಿದ್ದರು. ಇಬ್ಬರು ತಾಯಂದಿರೂ ಎಲೆ ಮೆಲ್ಲುತ್ತ ಬೇರೇನೂ ಮಾತಿಲ್ಲದೆ ಕುಳಿತಿದ್ದರು. ಹೊರಡುವಾಗ ಅವ್ವ ಅಡಿಕೆಯ ಚೀಲವನ್ನು ಅವಳ ಮಡಿಲಲ್ಲಿಯೇ ಬಿಟ್ಟು ಬಂದಳು.

ಮರಳಿ ಊರಿಗೆ

ಮೂರನೆಯ ಚೀಟಿಯ ದಿನ ಜಯತಟಾಕದ ನಡುವಿನ ನೇಕ್ ಪೋನ್ ಗುಡಿಯನ್ನು ನೋಡಿದೆವು. ಹಲಗೆಯ ಹಾದಿಯಲ್ಲಿ ನೀರನ್ನು ದಾಟಿ ಹೋಗಬೇಕು. ಕೊಳದ ನಡುವೆ ಎರಡು ನಾಗಗಳು ಸುತ್ತಿಕೊಂಡ ಪೀಠ, ಅದರ ಮೇಲೆ ಪುಟ್ಟ ಗುಡಿ. “ಸಂತೆಬೆನ್ನೂರಿನ ಹೊಂಡ ಇದ್ದಂಗೈತಲ್ಲ!” ಎಂದಳು ನನ್ನ ಪತ್ನಿ. ನಿಜ; ಹದಿನಾರನೆಯ ಶತಮಾನದಲ್ಲಿ ಹನುಮಪ್ಪ ನಾಯಕನು ಕಟ್ಟಿಸಿದ ಆ ಪುಷ್ಕರಣಿಯ ನಡುವಿನ ವಸಂತಮಂಟಪ ನಮ್ಮ ಮನೆಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಮಕ್ಕಳು ಅದನ್ನು ನೋಡಿರಲಿಲ್ಲ. ಸಾವಿರಾರು ಮೈಲಿ ದೂರ ಬಂದು, ಮನೆಯ ಮಗ್ಗುಲಿನ ಮಂಟಪವನ್ನು ಮಕ್ಕಳಿಗೆ ತೋರಿಸದ ತಂದೆಯೆಂದು ನಾಚಿಕೆಯಾಯಿತು.

ಊರಿಗೆ ಬಂದ ಮರುವಾರ ಎಲ್ಲರೂ ಸಂತೆಬೆನ್ನೂರಿಗೆ ಹೋದೆವು. ಅಲ್ಲಿಂದ ಅವ್ವನ ಇಚ್ಛೆಯಂತೆ ಸೂಳೆಕೆರೆಯ ಏರಿಗೆ. ಶಾಂತವ್ವೆಯೆಂಬ ರಾಜಕುವರಿ ಕಟ್ಟಿಸಿದಳೆಂದು ಐತಿಹ್ಯ ಹೇಳುವ ಕೆರೆ. ಇಂದಿಗೂ ಗದ್ದೆ ತೋಟಗಳಿಗೆ ನೀರುಣಿಸುವ, ಚಿತ್ರದುರ್ಗದವರ ಬಾಯಾರಿಕೆಯನ್ನೂ ನೀಗುವ ಕೆರೆ. ಮಳೆ ಬಾರದ ವರ್ಷ. ನೀರು ಒಳಕ್ಕೆ ಸರಿದಿತ್ತು. ಅಂಚಿನಲ್ಲಿ ಹೂಳು ಒಣಗಿ ಬಿರಿದಿತ್ತು. ಹೂಳು, ಒತ್ತುವರಿಗಳ ಮಾತು ನಮ್ಮಲ್ಲಿ ಹೊಸದಲ್ಲ. ಸಭೆಗಳಲ್ಲಿ ಕೇಳುತ್ತೇವೆ, ಪತ್ರಿಕೆಗಳಲ್ಲಿ ಓದುತ್ತೇವೆ, ಮರೆಯುತ್ತೇವೆ. ನಾನೂ ಮರೆತವನೇ.

ಅವ್ವ ಏರಿಯ ಮೇಲೆ ನಿಂತು ಬಿರಿದ ನೆಲವನ್ನೂ ಅದರಾಚೆಯ ನೀರನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ಮೊಮ್ಮಗನ ತಲೆ ಸವರುತ್ತ ಹೇಳಿದಳು:

“ಆ ಕಲ್ಲಾನೆ ಊರಿನೋರೂ ಹಿಂಗೇ ಅಂದ್ಕೊಂಡಿದ್ರೇನೋ ಮಗಾ, ನೀರು ಎಲ್ಲಿಗೆ ಹೋಗ್ತೈತೆ ಅಂತ.”