ಹಳೇ ಕಾರು ತಗೊಳ್ಳೋ ಮುಂಚೆ ತೆರಿಗೆ, ಡೀಸೆಲ್ ಲೆಕ್ಕ ಹಾಕಿ

ಕೊಯ್ಲು ಮುಗಿದು ಕೈಗೆ ನಾಲ್ಕು ಕಾಸು ಬಂದ ಕೂಡಲೇ ಮನೆಯಲ್ಲಿ ಕಾರಿನ ಮಾತು ಶುರುವಾಗುತ್ತೆ. ಅದರಲ್ಲಿ ತಪ್ಪೇನಿಲ್ಲ. ಅಪ್ಪ ಅಮ್ಮನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ, ಮಳೆಗಾಲದಲ್ಲಿ ತಾಲ್ಲೂಕು ಕೇಂದ್ರಕ್ಕೆ ಓಡಾಡೋಕೆ ಗಾಡಿ ಬೇಕು. ಆದರೆ ಫೋನಿನಲ್ಲಿ ಫೋಟೋ ನೋಡಿ, "ಮೂರು ಲಕ್ಷಕ್ಕೆ ಇಂಥ ಗಾಡಿನಾ!" ಅಂತ ಅವತ್ತೇ ಅಡ್ವಾನ್ಸ್ ಹಾಕೋರೇ ಜಾಸ್ತಿ. ಆ ಮೂರು ಲಕ್ಷ ಒಂದು ಸಲದ ಖರ್ಚು. ತೆರಿಗೆ, ಇಂಧನ, ಇನ್ಶೂರೆನ್ಸ್, ಟೈರು ಇವೆಲ್ಲ ಮುಂದಿನ ಬೆಳೆಗೆ ಇಟ್ಟ ಬಂಡವಾಳದಿಂದಲೇ ಹೋಗೋದು.

ಮೊದಲು ತೆರಿಗೆ ನೋಡೋಣ. ಕರ್ನಾಟಕದಲ್ಲಿ ಸ್ವಂತ ಬಳಕೆಯ ಕಾರಿಗೆ ಹೊಸದು ತಗೊಂಡಾಗಲೇ ಆಜೀವ ತೆರಿಗೆ, ಅಂದ್ರೆ ಲೈಫ್ ಟ್ಯಾಕ್ಸ್ ಕಟ್ಟಿರ್ತಾರೆ. ಅದು ಗಾಡಿ ಜೊತೆಗೇ ಬರುತ್ತೆ. ಹಾಸನದವರ ಕೆಎ ನಂಬರ್ ಕಾರನ್ನ ತುಮಕೂರಿನವರು ತಗೊಂಡರೆ ಮತ್ತೆ ತೆರಿಗೆ ಕಟ್ಟಬೇಕಿಲ್ಲ, ಹೆಸರು ಬದಲಾವಣೆಯ ಶುಲ್ಕ ಅಷ್ಟೇ.

ಸಿಕ್ಕಿಹಾಕಿಕೊಳ್ಳೋದು ಹೊರರಾಜ್ಯದ ಗಾಡಿಯಲ್ಲಿ. ದೆಹಲಿ ನಂಬರಿನ ಡೀಸೆಲ್ ಗಾಡಿಗಳು ನಮ್ಮ ಕಡೆ ಅಗ್ಗಕ್ಕೆ ಸಿಗೋದನ್ನ ನೀವೂ ನೋಡಿರ್ತೀರಿ. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ 2015ರಲ್ಲಿ ಹಸಿರು ನ್ಯಾಯಮಂಡಳಿ ನಿರ್ಬಂಧ ಹಾಕಿತು, 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನ ಎತ್ತಿಹಿಡಿಯಿತು. ಅಲ್ಲಿಂದ ಗಾಡಿಗಳು ಹೊರಗೆ ಹರಿದು ಬಂದವು. ಗಾಡಿ ಚೆನ್ನಾಗೇ ಇರಬಹುದು. ಆದರೆ ಮೋಟಾರು ವಾಹನ ಕಾಯ್ದೆ ಪ್ರಕಾರ ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ನಮ್ಮ ರಾಜ್ಯದ ನಂಬರ್ ತಗೊಳ್ಳಲೇಬೇಕು. ಅದಕ್ಕೆ ಮೂಲ ಆರ್‌ಟಿಒದಿಂದ ಎನ್‌ಒಸಿ ಬೇಕು, ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಬೇಕು.

ಎಷ್ಟು ಕಟ್ಟಬೇಕು? ಇದನ್ನ ಬ್ರೋಕರ್ ಹೇಳೋದಿಲ್ಲ. ತೆರಿಗೆ ಲೆಕ್ಕ ನೀವು ಕೊಟ್ಟ ಮೂರು ಲಕ್ಷದ ಮೇಲಲ್ಲ, ಗಾಡಿ ಹೊಸದಿದ್ದಾಗಿನ ಬೆಲೆಯ ಮೇಲೆ. ವಯಸ್ಸು ಹೆಚ್ಚಾದಷ್ಟೂ ಅದರಲ್ಲಿ ಒಂದು ಭಾಗ ಇಳಿಯುತ್ತೆ. 8 ಲಕ್ಷದ ಪೆಟ್ರೋಲ್ ಅಥವಾ ಡೀಸೆಲ್ ಕಾರಿಗೆ ದರ ಶೇ. 14, ಅಂದ್ರೆ 1,12,000 ರೂಪಾಯಿ. ವಯಸ್ಸಿನ ಲೆಕ್ಕದಲ್ಲಿ ಅರ್ಧ ಉಳೀತು ಅಂದ್ಕೊಂಡರೂ 56,000, ಅದರ ಮೇಲೆ ಸೆಸ್ ಬೇರೆ. ಈಗ ನಿಮ್ಮ "ಮೂರು ಲಕ್ಷದ" ಗಾಡಿ ಮೂರೂವರೆ ದಾಟಿತು. ಹಳೇ ರಾಜ್ಯದಲ್ಲಿ ಕಟ್ಟಿದ್ದ ತೆರಿಗೆ ವಾಪಸ್ ಬರುತ್ತೆ ಅಂತಾರೆ. ಅದಕ್ಕೆ ಅಲ್ಲಿನ ಆರ್‌ಟಿಒಗೆ ಅರ್ಜಿ ಹಾಕಿ ಓಡಾಡಬೇಕು. ಆ ದುಡ್ಡನ್ನ ನಂಬ್ಕೊಂಡು ಗಾಡಿ ತಗೊಳ್ಳಬೇಡಿ.

ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾಯಿಸಿದ ಕಾರಾದರೆ ಲೈಫ್ ಟ್ಯಾಕ್ಸ್ ರಸೀದಿ ಕೇಳಿ ನೋಡಿ. ಇನ್ನು 13, 14 ವರ್ಷದ ಗಾಡಿ ಅಗ್ಗ ಅಂತ ತಗೊಳ್ಳೋರು ಆರ್‌ಸಿ ಮುಗಿಯೋ ದಿನಾಂಕ ನೋಡ್ಲೇಬೇಕು. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ. ಆಮೇಲೆ ಗಾಡಿ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರಿಂದ ಆ ಶುಲ್ಕವನ್ನೇ 600ರಿಂದ 5,000 ರೂಪಾಯಿಗೆ ಏರಿಸಿದ್ದಾರೆ.

ಈಗ ಓಡಿಸೋ ಖರ್ಚು. "ಡೀಸೆಲ್ ಆದ್ರೆ ಲಾಭ" ಅನ್ನೋದು ನಮ್ಮ ತಲೆಯಲ್ಲಿ ಟ್ರ್ಯಾಕ್ಟರ್ ಕಾಲದಿಂದ ಕೂತಿದೆ. ಲೆಕ್ಕ ಹಾಕಿ ನೋಡೋಣ. ಪೆಟ್ರೋಲ್ 103 ರೂಪಾಯಿ, ಡೀಸೆಲ್ 91 ಅಂತಿಟ್ಟುಕೊಳ್ಳಿ, ಆಮೇಲೆ ನಿಮ್ಮೂರ ಬಂಕಿನ ರೇಟು ಹಾಕ್ಕೊಳ್ಳಿ. ಪೆಟ್ರೋಲ್ ಕಾರು 16 ಕಿ.ಮೀ. ಕೊಟ್ಟರೆ ಕಿಲೋಮೀಟರಿಗೆ ಸುಮಾರು 6.45 ರೂಪಾಯಿ. ಡೀಸೆಲ್ 19 ಕೊಟ್ಟರೆ 4.80. ಉಳಿತಾಯ 1.65. ತಿಂಗಳಿಗೆ 600 ಕಿ.ಮೀ. ಓಡಿಸೋರಿಗೆ ವರ್ಷಕ್ಕೆ ಉಳಿಯೋದು 12,000ದ ಹತ್ತಿರ. ಡೀಸೆಲ್ ಗಾಡಿಗೆ 70,000 ಹೆಚ್ಚು ಕೊಟ್ಟಿದ್ದರೆ ಅದು ವಸೂಲಾಗೋಕೆ ಆರು ವರ್ಷ ಬೇಕು, ಅದೂ ಇಂಜೆಕ್ಟರ್, ಟರ್ಬೋ ಕೈಕೊಡದಿದ್ದರೆ! ತಿಂಗಳಿಗೆ 2,000 ಕಿ.ಮೀ. ಓಡೋರ ಮಾತು ಬೇರೆ. ಅವರಿಗೆ ಎರಡು ವರ್ಷದೊಳಗೇ ಗಿಟ್ಟುತ್ತೆ.

ಇನ್ನೊಂದು ವಿಷಯ ಇದೆ, ಹಳ್ಳಿಯವರಿಗೆ ಇದು ಮುಖ್ಯ. 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯೋಕೆ ಡಿಪಿಎಫ್ ಅನ್ನೋ ಫಿಲ್ಟರ್ ಇರುತ್ತೆ. ಅದು ಬಿಸಿಯಾಗಿ ಮಸಿ ಸುಟ್ಟುಕೊಳ್ಳಬೇಕಾದರೆ ಹೈವೇಯಲ್ಲಿ ಆಗಾಗ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಮನೆಯಿಂದ ತೋಟ, ತೋಟದಿಂದ ಡೇರಿ ಅಂತ ಮೂರು ನಾಲ್ಕು ಕಿಲೋಮೀಟರ್ ಮಾತ್ರ ಓಡಿಸಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತೆ, ಹೊಸದು ಹಾಕಿಸೋದು ದುಬಾರಿ. ಅಂಥ ಓಡಾಟಕ್ಕೆ ಚಿಕ್ಕ ಪೆಟ್ರೋಲ್ ಕಾರೇ ಸರಿ ಅನ್ನೋದು ನನ್ನ ಅಭಿಪ್ರಾಯ. ಊರಲ್ಲಿ ಗತ್ತು ಸ್ವಲ್ಪ ಕಮ್ಮಿಯಾಗಬಹುದು, ಆಗಲಿ ಬಿಡಿ.

ಇನ್ಶೂರೆನ್ಸ್ ಇಂಜಿನ್ ಗಾತ್ರದ ಮೇಲೆ ಹೋಗುತ್ತೆ. 2022ರಲ್ಲಿ ಸರ್ಕಾರ ನಿಗದಿ ಮಾಡಿದ ಥರ್ಡ್ ಪಾರ್ಟಿ ದರ 1000 ಸಿಸಿವರೆಗೆ 2,094, 1500 ಸಿಸಿವರೆಗೆ 3,416, ಅದರ ಮೇಲೆ 7,897 ರೂಪಾಯಿ. ಜಿಎಸ್‌ಟಿ ಬೇರೆ. ಮಾರೋರ ನೋ ಕ್ಲೇಮ್ ಬೋನಸ್ ನಿಮಗೆ ಬರಲ್ಲ, ಅದು ಗಾಡಿಯದ್ದಲ್ಲ, ಅವರದ್ದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ: 2319 ಅಂದ್ರೆ 2019ರ 23ನೇ ವಾರದ ಟೈರು. ಗುಂಡಿ ಚೆನ್ನಾಗಿದ್ದರೂ ರಬ್ಬರು ಹಳೇದು. ನಾಲ್ಕು ಟೈರಿನ ದುಡ್ಡನ್ನ ಚೌಕಾಸಿಯಲ್ಲೇ ಕಳೀರಿ.

ಅಡ್ವಾನ್ಸ್ ಕೊಡೋ ಮುಂಚೆ ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿ. ಆರ್‌ಸಿ ಎಲ್ಲಿವರೆಗಿದೆ, ಇನ್ಶೂರೆನ್ಸ್ ಇದೆಯಾ, ಸಾಲ ಬಾಕಿ ಇದೆಯಾ ನೋಡಿ. ಸಾಲ ತೀರಿದೆ ಅಂತ ಬಾಯಲ್ಲಿ ಹೇಳಿದರೆ ಸಾಲದು, ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೈಯಲ್ಲಿರಬೇಕು. ದಂಡದ ಬಾಕಿಯನ್ನ ಇ-ಚಲನ್‌ನಲ್ಲಿ ನೋಡಿ, ಅದನ್ನ ಮಾರೋರೇ ಕಟ್ಟಲಿ.

ಗಾಡಿ ಕೈಗೆ ಬಂದ ಮೇಲೆ ಇನ್ಶೂರೆನ್ಸ್ ಕಂಪನಿಗೆ 14 ದಿನದೊಳಗೆ, ಆರ್‌ಟಿಒಗೆ 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಿ. ಫಾರಂ 29, 30ಕ್ಕೆ ಮಾರೋರ ಸಹಿ ಬೇಕು. ಆರ್‌ಸಿ ನಿಮ್ಮ ಹೆಸರಿಗೆ ಬರೋವರೆಗೂ ಹತ್ತಿಪ್ಪತ್ತು ಸಾವಿರ ಹಿಡಿದಿಟ್ಟುಕೊಂಡು, ಅದನ್ನ ಒಂದು ಕಾಗದದಲ್ಲಿ ಬರೆಸಿ ಇಬ್ಬರೂ ಸಹಿ ಹಾಕಿ.