ರಜೆಗೆ ಮನೆ ಅದಲು ಬದಲು: ಟಿಕೆಟ್‌ಗೆ ಮೊದಲು ಮಾತು ಪಕ್ಕಾ ಆಗಲಿ

ಬೆಂಗಳೂರು ಪೂರ್ವ: ರಜೆಯಲ್ಲಿ ಹೋಟೆಲ್ ಖರ್ಚು ಉಳಿಸಲು ಎರಡು ಕುಟುಂಬಗಳು ಪರಸ್ಪರ ಮನೆ ಬಿಟ್ಟುಕೊಡುವ ಪದ್ಧತಿ ಹೊಸದಲ್ಲ. ಯುರೋಪಿನ ಶಿಕ್ಷಕರು 1953ರಲ್ಲೇ ಇಂಟರ್‌ವ್ಯಾಕ್ ಹೆಸರಿನಲ್ಲಿ ಇದನ್ನು ಶುರು ಮಾಡಿದ್ದರು. ಇಲ್ಲಿ ಬಾಡಿಗೆ ಇಲ್ಲ, ನಂಬಿಕೆಯೇ ಬಂಡವಾಳ. ಒಬ್ಬರು ಕೊನೆ ಗಳಿಗೆಯಲ್ಲಿ ಕೈಕೊಟ್ಟರೆ ಇನ್ನೊಬ್ಬರ ಟಿಕೆಟ್ ದುಡ್ಡು ಹೋದಂತೆಯೇ.

ಮೊದಲ ಸಂದೇಶದಲ್ಲೇ ದಿನಾಂಕ, ಎಷ್ಟು ಜನ, ಮಕ್ಕಳು, ವಯಸ್ಸಾದವರು ಇದ್ದಾರಾ ಅನ್ನೋದನ್ನು ಬರೆಯಿರಿ. ಆಗಲ್ಲ ಅನಿಸಿದರೆ ಬೇಗ ಹೇಳಿಬಿಡಿ.

ಮನೆಯ ಕೊರತೆ ಮುಚ್ಚಿಡಬೇಡಿ. ಕೆ.ಆರ್. ಪುರಂ ಕಡೆ ಟ್ಯಾಂಕರ್ ನೀರಾದರೆ ಯಾರಿಗೆ ಫೋನ್ ಮಾಡಬೇಕು, ದುಡ್ಡು ಯಾರು ಕೊಡಬೇಕು ಎಂದು ತಿಳಿಸಿ. ಇಂದಿರಾನಗರ 100 ಅಡಿ ರಸ್ತೆ ಪಕ್ಕದಲ್ಲಿದ್ದರೆ ರಾತ್ರಿ ಗದ್ದಲದ ಬಗ್ಗೆ ಹೇಳಿ. ಹಲಸೂರಿನ ಗಲ್ಲಿಯಲ್ಲಿ ಕಾರು ನಿಲ್ಲಿಸಲು ಜಾಗ ಇಲ್ಲದಿದ್ದರೆ ನೇರಳೆ ಮಾರ್ಗದ ಮೆಟ್ರೊ ಎಷ್ಟು ದೂರ ಎಂದು ಸೇರಿಸಿ. ಮಾಂಸದ ಅಡುಗೆ, ದೇವರ ಮನೆ, ಬೀಗ ಹಾಕಿಡುವ ಕೋಣೆ ಬಗ್ಗೆ ಕೇಳಲು, ಹೇಳಲು ಸಂಕೋಚ ಬೇಡ.

ವಿಡಿಯೊ ಕಾಲ್‌ನಲ್ಲಿ ಇಬ್ಬರೂ ಮನೆ ತೋರಿಸಿ. ವಿದೇಶಿಯರು ಬಂದು ಉಳಿದರೆ 24 ಗಂಟೆಯೊಳಗೆ ಎಫ್‌ಆರ್‌ಆರ್‌ಒಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಅದಕ್ಕೆ ಪಾಸ್‌ಪೋರ್ಟ್, ವೀಸಾ ಪ್ರತಿ ಮೊದಲೇ ಕೇಳಿ ಇಟ್ಟುಕೊಳ್ಳಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಪಡೆಯಿರಿ. ಅಪಾರ್ಟ್‌ಮೆಂಟ್ ಆದರೆ ಸಂಘಕ್ಕೂ ಸೆಕ್ಯುರಿಟಿಗೂ ತಿಳಿಸಿ.

ಕೊನೆಗೆ, ಕರೆಂಟ್ ಬಿಲ್, ಕೆಲಸದವರ ಸಂಬಳ, ಒಡೆದ ಸಾಮಾನಿನ ಲೆಕ್ಕ ಸೇರಿ ಒಪ್ಪಿದ್ದನ್ನೆಲ್ಲ ಒಂದೇ ಇಮೇಲ್‌ನಲ್ಲಿ ಬರೆದು, ಅವರಿಂದ ‘ಸರಿ’ ಅಂತ ಉತ್ತರ ಬಂದ ಮೇಲಷ್ಟೇ ಟಿಕೆಟ್ ಬುಕ್ ಮಾಡಿ.